ನೂರು ಕುರ್ಚಿಗಳ ಒಂದು ಕೋಣೆ ಕೊಡಿ: ಬೆಂಗಳೂರಿನ ಐದು ಪಾಲಿಕೆಗಳಿಗೆ ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ, ಐದು ನಗರ ಪಾಲಿಕೆಗಳ ಆಯುಕ್ತರಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಹಾಗೂ ನಗರ ಪೊಲೀಸ್ ಆಯುಕ್ತರಿಗೆ

ಮಾನ್ಯರೇ,

ಬರುವ ಶನಿವಾರ ಸಂಜೆ ಆರೂವರೆಗೆ ಬೆಂಗಳೂರು ದಕ್ಷಿಣದ ಒಂದು ಮನೆಯ ತಾರಸಿಯಲ್ಲಿ ಇಬ್ಬರು ಯುವತಿಯರು ಹಾಡಲಿದ್ದಾರೆ. ಒಬ್ಬರ ಕೈಯಲ್ಲಿ ಗಿಟಾರ್, ಇನ್ನೊಬ್ಬರ ಮುಂದೆ ಹಾರ್ಮೋನಿಯಂ. ಹನ್ನೊಂದು ಹಾಡುಗಳಲ್ಲಿ ಒಂಬತ್ತು ಅವರೇ ಬರೆದವು, ಉಳಿದೆರಡು ಅಕ್ಕನ ವಚನಗಳು. ಹಾಡು ಮುಗಿದ ಮೇಲೆ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ 22 ನಿಮಿಷದ ಒಂದು ಕನ್ನಡ ಚಿತ್ರ ತೋರಿಸುತ್ತೇವೆ. ಕುಮಟಾ ಕಡೆಯ ಹುಡುಗನೊಬ್ಬ ಎರಡು ವರ್ಷ ಸಂಬಳ ಕೂಡಿಟ್ಟು ತೆಗೆದ ಚಿತ್ರ ಅದು. ಮರುದಿನ ಭಾನುವಾರ ಪುಸ್ತಕದ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಕೆರೆಗಳ ಬಗೆಗಿನ ಸಾಕ್ಷ್ಯಚಿತ್ರವಿದೆ. ಅದರ ಮುಂದಿನ ಶುಕ್ರವಾರ ರಾಜಾಜಿನಗರದಲ್ಲಿ, ಭರತನಾಟ್ಯ ಕಲಿಸುವ ಕೋಣೆಯೊಂದನ್ನು ಎರಡು ತಾಸಿಗೆ ಬಾಡಿಗೆ ಹಿಡಿದು ಮೂವರು ಹುಡುಗರು ಕನ್ನಡ ರ‍್ಯಾಪ್ ಹಾಡುತ್ತಾರೆ. ಮೂವರ ತಂದೆಯರೂ ಆಟೊ ಓಡಿಸುತ್ತಾರೆ. ಅವರಲ್ಲಿ ಒಬ್ಬರಿಗೆ ಮಗ ಬರೆಯುವುದು ಏನೆಂದು ಅಂದೇ ಮೊದಲು ಗೊತ್ತಾಗಲಿದೆ.

ಈ ಯಾವ ಕಾರ್ಯಕ್ರಮದ ವಿಳಾಸವನ್ನೂ ನಾನಿಲ್ಲಿ ಬರೆಯುವ ಹಾಗಿಲ್ಲ. ಬರೆದರೆ ಅದು ನಡೆಯದೇ ಹೋಗಬಹುದು. ಬರುವವರು ಹೆಸರು ಕಳುಹಿಸುತ್ತಾರೆ, ಅಂದು ಬೆಳಿಗ್ಗೆ ಅವರ ಮೊಬೈಲಿಗೆ ದಾರಿ ತಿಳಿಸುತ್ತೇವೆ, ಬಂದವರು ಪಾದರಕ್ಷೆಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಸದ್ದಿಲ್ಲದೆ ಮೇಲೆ ಹತ್ತುತ್ತಾರೆ. ವಚನ ಹಾಡುವುದಕ್ಕೆ, ಕೆರೆಯ ಚಿತ್ರ ತೋರಿಸುವುದಕ್ಕೆ ಈ ಗುಟ್ಟೇಕೆ? ಒಂಬತ್ತು ವರ್ಷಗಳಿಂದ ತಿಂಗಳಿಗೊಂದು ಸಂಜೆಯನ್ನು ಹೀಗೆ ಏರ್ಪಡಿಸುತ್ತ ಬಂದಿರುವ ನನಗೆ ಈ ಗುಟ್ಟು ಸಾಕಾಗಿದೆ. ಹಗಲು ನಾನು ಲೆಕ್ಕಪತ್ರ ಬರೆಯುವವನು. ಸಂಜೆ ಕೇಬಲ್ ಸುತ್ತುತ್ತೇನೆ, ಕುರ್ಚಿ ಹಾಕುತ್ತೇನೆ, ಮಿಕ್ಸರ್ ಮುಂದೆ ಕುಳಿತುಕೊಳ್ಳುತ್ತೇನೆ. ನಮ್ಮಲ್ಲಿಗೆ ಅರವತ್ತರಿಂದ ನೂರಿಪ್ಪತ್ತು ಜನ ಬರುತ್ತಾರೆ. ಅದಕ್ಕಿಂತ ಹೆಚ್ಚು ಬರಲಿ ಎಂಬ ಆಸೆ ನನಗೆ ಎಂದೂ ಇರಲಿಲ್ಲ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಐದು ಪಾಲಿಕೆಗಳು, ಅಂದರೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ತಲಾ ಒಂದೊಂದು ಸಣ್ಣ ಸಭಾಂಗಣ ಕೊಡಲಿ. ನೂರು, ಹೆಚ್ಚೆಂದರೆ ನೂರೈವತ್ತು ಕುರ್ಚಿ. ಹೊರಗೆ ಸದ್ದು ಹೋಗದ ಗೋಡೆ, ಒಂದು ಪರದೆ, ಒಂದು ಪ್ರೊಜೆಕ್ಟರ್, ಎರಡು ಒಳ್ಳೆಯ ಸ್ಪೀಕರ್, ಗಾಲಿಕುರ್ಚಿ ಬರುವಂಥ ಬಾಗಿಲು, ಕೆಲಸ ಮಾಡುವ ಶೌಚಾಲಯ. ಹೊಸದಾಗಿ 369 ವಾರ್ಡ್‌ಗಳಾಗಿವೆ; ವಾರ್ಡಿಗೊಂದು ಎಂದು ನಾನು ಕೇಳುತ್ತಿಲ್ಲ. ಐದು ಸಾಕು, ಸದ್ಯಕ್ಕೆ.

ದೊಡ್ಡ ಸಭಾಂಗಣಗಳು ನಮ್ಮಲ್ಲಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಪುಟ್ಟಣ್ಣ ಚೆಟ್ಟಿ ಪುರಭವನ 1935ರದು. ರವೀಂದ್ರ ಕಲಾಕ್ಷೇತ್ರ 1963ರಿಂದ ನಾಡಿನ ನಾಟಕವನ್ನು ಹೊತ್ತು ನಿಂತಿದೆ. ಅದರ ಹಿಂದಿನ ಸಂಸ ಬಯಲು ರಂಗಮಂದಿರದ ಕಲ್ಲು ಮೆಟ್ಟಿಲುಗಳ ಮೇಲೆ ಕುಳಿತೇ ನಾನು ನಾಟಕ ನೋಡುವುದನ್ನು ಕಲಿತದ್ದು. ಆದರೆ ಮೊದಲ ಸಲ ಹಾಡುವ ಹುಡುಗಿಯನ್ನು ನೂರಾರು ಖಾಲಿ ಕುರ್ಚಿಗಳ ಮುಂದೆ ನಿಲ್ಲಿಸಬಾರದು. ಎಂಬತ್ತು ಜನ ಕಿಕ್ಕಿರಿದ ಕೋಣೆಯಲ್ಲಿ ಆ ಹುಡುಗಿಯ ದನಿಗೆ ಬರುವ ಧೈರ್ಯ, ಅದೇ ಎಂಬತ್ತು ಜನ ದೊಡ್ಡ ಸಭಾಂಗಣದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕುಳಿತಾಗ ಬರುವುದಿಲ್ಲ. ಇದನ್ನು ನಾನು ಹತ್ತಾರು ಸಲ ಕಣ್ಣಾರೆ ಕಂಡಿದ್ದೇನೆ.

ಈ ಊರು ಸಂಗೀತವನ್ನು ಕೇಳಿದ ಬಗೆಯನ್ನು ನೆನಪಿಸಿಕೊಳ್ಳಿ. ಚಾಮರಾಜಪೇಟೆಯಲ್ಲಿ 1939ರಲ್ಲಿ ಶ್ರೀ ರಾಮಸೇವಾ ಮಂಡಳಿ ರಾಮನವಮಿಯ ಸಂಗೀತೋತ್ಸವ ಆರಂಭಿಸಿತು. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದೊಳಗೆ ಟಿಕೆಟ್ ಕೊಂಡವರು ಕುಳಿತರೆ, ಹೊರಗೆ ರಸ್ತೆಯ ಅಂಚಿನಲ್ಲಿ ನಿಂತವರೂ ಪೂರ್ತಿ ಕಛೇರಿ ಕೇಳಿಕೊಂಡು ಮನೆಗೆ ಹೋಗುತ್ತಿದ್ದರು. ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ಅವರು ನಡೆಸಿಕೊಟ್ಟ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರವನ್ನು ಕಂಡವರು ಇಂದಿಗೂ ಅದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ಅಶ್ವತ್ಥ್ ಆ ಮೈದಾನಕ್ಕೆ ಒಂದೇ ದಿನಕ್ಕೆ ಬಂದವರಲ್ಲ. ನಾಟಕದ ತಾಲೀಮಿನ ಕೋಣೆ, ಬಡಾವಣೆಯ ಗಣೇಶನ ಪೆಂಡಾಲು, ಮನೆಮನೆಗೆ ಹೋದ ಕ್ಯಾಸೆಟ್ಟು, ಇವುಗಳ ಮೂಲಕ ದಶಕಗಟ್ಟಲೆ ನಡೆದು ಬಂದರು.

ಆಮೇಲಿನ ತಲೆಮಾರಿಗೂ ಅಂಥ ಜಾಗಗಳಿದ್ದವು. ಆಗಸ್ಟ್ 15ರಂದು ಹೆಸರು ಗೊತ್ತಿಲ್ಲದ ತಂಡಗಳಿಗೂ ಬಯಲಲ್ಲಿ ಉಚಿತವಾಗಿ ನುಡಿಸಲು ಅವಕಾಶ ಕೊಟ್ಟ ‘ಫ್ರೀಡಂ ಜ್ಯಾಮ್’ 1996ರಲ್ಲಿ ಶುರುವಾಯಿತು. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡ ಹುಟ್ಟಿದ್ದೂ ಅದೇ ವರ್ಷ. ಆಗೆಲ್ಲ ಊರಿನ ಬ್ಯಾಂಡ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡುತ್ತಿದ್ದವು. ರಘು ದೀಕ್ಷಿತ್ ತಂಡದ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಷರೀಫರ ಪದಗಳು ಗಿಟಾರಿನ ಜೊತೆ ಕೇಳಿಬಂದಾಗ, ಕನ್ನಡವನ್ನು ಮನೆಯಲ್ಲಿ ಬಿಟ್ಟು ಹೊರಗೆ ರಾಕ್ ಕೇಳಲು ಹೋಗುತ್ತಿದ್ದ ನನ್ನಂಥವರಿಗೆ ಯಾರೋ ಬೆನ್ನು ತಟ್ಟಿ ನಿಲ್ಲಿಸಿದ ಹಾಗಾಯಿತು. ಸ್ವರಾತ್ಮ ಎಂಬ ಬ್ಯಾಂಡ್ ಬಂತು. ಬಿಂದುಮಾಲಿನಿಯವರು ಸಣ್ಣ ಸಣ್ಣ ಬೈಠಕ್‌ಗಳಲ್ಲಿ ಕಬೀರನನ್ನೂ ವಚನವನ್ನೂ ಹಾಡಿದವರು. ಕನ್ನಡ ಚಿತ್ರವೊಂದರ ಹಾಡಿಗಾಗಿ 2018ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಹೀಗೆ ಹೆಸರಾದ ಪ್ರತಿಯೊಬ್ಬರ ಹಿಂದೆಯೂ ಐವತ್ತು ಜನ ಕುಳಿತ ಯಾವುದೋ ಒಂದು ಕೋಣೆ ಇದೆ.

ಆ ಕೋಣೆಗಳು ಒಂದೊಂದಾಗಿ ಮುಚ್ಚಿದ್ದು ಹೇಗೆ ಎಂಬುದು ನಿಮ್ಮ ಕಡತಗಳಲ್ಲೇ ಇದೆ. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣಕ್ಕೆ ಪೊಲೀಸ್ ಇಲಾಖೆ 2005ರಲ್ಲಿ ಒಂದು ಆದೇಶ ಹೊರಡಿಸಿತು. ಅದರ ಮುಖ್ಯ ಗುರಿ ಲೈವ್ ಬ್ಯಾಂಡ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ನೃತ್ಯದ ಬಾರ್‌ಗಳಾಗಿದ್ದವು. ವರ್ಷಗಟ್ಟಲೆ ವ್ಯಾಜ್ಯ ನಡೆದು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷದ ನಡುವಿಗೆ ಇಂದಿರಾನಗರ, ಕೋರಮಂಗಲಗಳಲ್ಲಿ ನೋಟಿಸುಗಳು ಹೋದವು. ಗಿಟಾರ್ ಹಿಡಿದು ನಾಲ್ಕು ಸ್ವಂತ ಹಾಡು ಹಾಡುವವನಿಗೂ ಅದೇ ಪರವಾನಗಿ ಬೇಕಾಯಿತು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ಬಳಕೆಗೆ ಸಿದ್ಧವೆಂದು ಪಾಲಿಕೆ ಕೊಡುವ ಪತ್ರ ಬೇಕು. ಬೆಂಗಳೂರಿನಲ್ಲಿ ಆ ಪತ್ರವಿಲ್ಲದ ಕಟ್ಟಡಗಳೆಷ್ಟು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಂದಿರಾನಗರದಲ್ಲಿ 2013ರಿಂದ ಹೊಸ ತಂಡಗಳಿಗೆ ವೇದಿಕೆಯಾಗಿದ್ದ ಹಮ್ಮಿಂಗ್ ಟ್ರೀ ಎಂಬ ಪಬ್ಬು 2019ರಲ್ಲಿ ಬಾಗಿಲು ಹಾಕಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪಬ್‌ಗಳ ಪರವಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಹೊಸ ಹಾಡು ಕೇಳಬೇಕಾದರೆ ಪಬ್ಬಿಗೇ ಹೋಗಬೇಕು ಎಂಬ ಸ್ಥಿತಿಯೇ ತಪ್ಪು. ಅಲ್ಲಿ ಹಾಡು ಬಿಯರ್ ಮಾರಬೇಕು. ಮಾರದಿದ್ದರೆ ಮುಂದಿನ ವಾರ ಆ ತಂಡಕ್ಕೆ ಕರೆಯಿಲ್ಲ. ಹದಿನಾರರ ಹುಡುಗಿ ಅಲ್ಲಿಗೆ ಬರುವಂತಿಲ್ಲ, ಅವಳ ಅಜ್ಜಿ ಬರುವುದಿಲ್ಲ, ದಾಸರಹಳ್ಳಿಯ ಕಾರ್ಖಾನೆಯಲ್ಲಿ ದುಡಿಯುವವನಿಗೆ ಅಲ್ಲಿನ ನೀರಿನ ಬಾಟಲಿಯೂ ದುಬಾರಿ. ಸಂಗೀತಕ್ಕೆ ಪಬ್ಬಿನ ಹೊರಗೆ ಮನೆ ಕಟ್ಟಿಕೊಡುವುದು ಸಾರ್ವಜನಿಕ ಸಂಸ್ಥೆಗಳ ಕೆಲಸ. ಅದನ್ನು ಯಾರೂ ಮಾಡದಿದ್ದುದರಿಂದಲೇ ಹಾಡು ಪಬ್ಬನ್ನು ಹುಡುಕಿಕೊಂಡು ಹೋಯಿತು.

ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಕಲಬುರಗಿ ಕಡೆಯ ತತ್ವಪದಕಾರರೊಬ್ಬರನ್ನು ಕರೆಸಿದ್ದೆವು. ವಯಸ್ಸು ಎಪ್ಪತ್ತರ ಮೇಲೆ. ಅವರ ಏಕತಾರಿಯ ಜೊತೆಗೆ ಇಲ್ಲಿನ ಹುಡುಗನೊಬ್ಬ ಡಬಲ್ ಬಾಸ್ ನುಡಿಸುವುದೆಂದು ಮೂರು ತಿಂಗಳು ಫೋನಿನಲ್ಲೇ ತಾಲೀಮು ನಡೆದಿತ್ತು. ಈ ಸಲ ಎಲ್ಲವೂ ಕ್ರಮಬದ್ಧವಾಗಿರಲಿ, ವಿಳಾಸವನ್ನು ಭಿತ್ತಿಪತ್ರದಲ್ಲೇ ಹಾಕೋಣ ಎಂದುಕೊಂಡು ಒಂದು ಸಭಾಂಗಣ ಕಾದಿರಿಸಿ, ಮುಂಗಡ ಕಟ್ಟಿ, ಇಪ್ಪತ್ತು ದಿನ ಮೊದಲೇ ಅನುಮತಿಗೆ ಅರ್ಜಿ ಕೊಟ್ಟೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯ ಪತ್ರ ತನ್ನಿ ಎಂದರು. ಅಲ್ಲಿನವರು ಅಗ್ನಿಶಾಮಕದ ಪತ್ರ ಕೇಳಿದರು. ಅದಕ್ಕೆ ಕಟ್ಟಡದ ಮಾಲೀಕರ ಕಾಗದ ಬೇಕಾಯಿತು, ಮಾಲೀಕರು ವಿದೇಶದಲ್ಲಿದ್ದರು. ಕೌಂಟರಿನ ಆಚೆಗಿದ್ದವರಲ್ಲಿ ಒಬ್ಬರೂ ನನ್ನ ಮೇಲೆ ರೇಗಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಒಬ್ಬ ಸಿಬ್ಬಂದಿ ಮರುಕದಿಂದಲೇ ಹೇಳಿದರು: “ಸಾರ್, ಈ ಅರ್ಜಿಯಲ್ಲಿ ನಿಮ್ಮಂಥ ಕಾರ್ಯಕ್ರಮಕ್ಕೆ ಕಾಲಮ್ಮೇ ಇಲ್ಲ. ಆರ್ಕೆಸ್ಟ್ರಾ ಅಂತ ಬರೆಯಲೋ, ಸಭೆ ಅಂತ ಬರೆಯಲೋ?”

ಅನುಮತಿ ಬರಲಿಲ್ಲ. ಹಿರಿಯರು ಆಗಲೇ ರೈಲು ಹತ್ತಿದ್ದರು. ಅಂದು ಸಂಜೆ ಗೆಳೆಯನ ಮನೆಯ ಹಜಾರದಲ್ಲಿ, ಮೈಕ್ ಇಲ್ಲದೆ, ಹನ್ನೊಂದು ಜನರ ಮುಂದೆ ಅವರು ಹಾಡಿದರು. ಟಿಕೆಟ್ ತೆಗೆದುಕೊಂಡಿದ್ದ ತೊಂಬತ್ತು ಜನರಿಗೆ ಹಣ ಹಿಂದಿರುಗಿಸಿದೆವು. ಹಿರಿಯರಿಗೆ ಒಪ್ಪಿಕೊಂಡಿದ್ದ ಸಂಭಾವನೆಯನ್ನು ನಾವು ನಾಲ್ವರು ಸೇರಿ ಕೊಟ್ಟೆವು. ಹೊರಡುವಾಗ ಅವರು, “ಯಾಕ್ರೀ, ಇಷ್ಟ್ ದೊಡ್ಡ ಊರಾಗ ಜಾಗಾನೇ ಸಿಗಲಿಲ್ಲೇನು?” ಎಂದರು. ನನಗೆ ಉತ್ತರ ಕೊಡಲಾಗಲಿಲ್ಲ. ಆ ಪ್ರಶ್ನೆಯನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಜನ ಸೇರುವ ಕಡೆ ಎಚ್ಚರ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಮಕ್ಕಳನ್ನು ಕಳೆದುಕೊಂಡ ಆ ಮನೆಗಳನ್ನು ನೆನೆದರೆ ಯಾವ ಕಾರ್ಯಕ್ರಮವೂ ಬೇಡವೆನಿಸುತ್ತದೆ. ಆ ದುರಂತದ ಬಳಿಕ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆ ಮಂಡಿಸಿತು. ಅದರಲ್ಲಿ 50 ಸಾವಿರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಒಂದು ದರ್ಜೆ, 7 ಸಾವಿರದಿಂದ 50 ಸಾವಿರದವರೆಗೆ ಇನ್ನೊಂದು ದರ್ಜೆ, 7 ಸಾವಿರಕ್ಕಿಂತ ಕಡಿಮೆಯದು ಮತ್ತೊಂದು. ದರ್ಜೆ ಮಾಡಿದ್ದು ಸರಿಯೇ. ಆದರೆ ಆರೂವರೆ ಸಾವಿರ ಜನ ಸೇರುವ ಮೈದಾನವೂ ಎಂಬತ್ತು ಜನ ಚಾಪೆಯ ಮೇಲೆ ಕೂರುವ ಕೋಣೆಯೂ ಒಂದೇ ದರ್ಜೆಗೆ ಬಿದ್ದರೆ, ಠಾಣಾಧಿಕಾರಿ ಎರಡಕ್ಕೂ ಒಂದೇ ಕಾಗದ ಕೇಳುತ್ತಾರೆ. ನೂರೈವತ್ತಕ್ಕಿಂತ ಕಡಿಮೆ ಜನರ, ಮದ್ಯವಿಲ್ಲದ, ರಾತ್ರಿ ಹತ್ತರೊಳಗೆ ಮುಗಿಯುವ ಕಾರ್ಯಕ್ರಮಕ್ಕೆ ಪ್ರತ್ಯೇಕ ದರ್ಜೆಯೊಂದು ಬೇಕು. ಅನುಮತಿಯ ಬದಲು ಮಾಹಿತಿ ಕೊಟ್ಟರೆ ಸಾಕು ಎನ್ನುವಂತಿರಬೇಕು ಅದು.

ಇದು ನಿಮಗೆ ಆಗದ ಕೆಲಸವೂ ಅಲ್ಲ. ಗಣೇಶನ ಹಬ್ಬಕ್ಕೆ ನೀವು ಏಕಗವಾಕ್ಷಿ ತೆರೆಯುತ್ತೀರಿ. ಪೊಲೀಸ್, ಅಗ್ನಿಶಾಮಕ, ಬೆಸ್ಕಾಂ, ಪಾಲಿಕೆ ಎಲ್ಲ ಒಂದೇ ಕಡೆ ಕುಳಿತು ಪೆಂಡಾಲಿಗೆ ಒಪ್ಪಿಗೆ ಕೊಡುತ್ತಾರೆ. ನವೆಂಬರ್ ಬಂದರೆ ಬೀದಿಬೀದಿಯಲ್ಲಿ ರಾಜ್ಯೋತ್ಸವದ ವೇದಿಕೆ ಏಳುತ್ತದೆ. ಕರಗದ ರಾತ್ರಿ ಇಡೀ ಪೇಟೆ ಎಚ್ಚರವಿರುತ್ತದೆ, ನೀವು ರಸ್ತೆ ತಿರುಗಿಸಿ ಕೊಡುತ್ತೀರಿ. ಆ ಏಕಗವಾಕ್ಷಿಯನ್ನು ಸಣ್ಣ ಕಾರ್ಯಕ್ರಮಗಳಿಗಾಗಿ ಹನ್ನೆರಡು ತಿಂಗಳೂ ತೆರೆದಿಡಿ ಎಂಬುದಷ್ಟೇ ನನ್ನ ಬೇಡಿಕೆ.

ಇನ್ನು ಸಿನಿಮಾದ ಮಾತು. ನಮ್ಮ ಕಷ್ಟ ಅರ್ಧದಷ್ಟಾದರೆ ಚಿತ್ರ ಮಾಡುವವರದು ಪೂರ್ತಿ. ಸುಚಿತ್ರಾ ಫಿಲಂ ಸೊಸೈಟಿ 1971ರಲ್ಲಿ ಹುಟ್ಟಿತು. ಅದರ ಬನಶಂಕರಿಯ ಅಂಗಳದಲ್ಲಿ ಸಿನಿಮಾ ನೋಡಿ, ಹೊರಗೆ ಮರದ ಕೆಳಗೆ ಜಗಳವಾಡಿ ಬೆಳೆದವರು ಎಷ್ಟೋ ಜನ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಿಂದ ಇದೆ. ಉತ್ಸವದ ವಾರದಲ್ಲಿ ಕನ್ನಡದ ಹೊಸ ಚಿತ್ರಕ್ಕೆ ಸಾಲುಗಟ್ಟಿ ನಿಲ್ಲುವವರನ್ನು ನೋಡಿದರೆ ಈ ಊರಿನಲ್ಲಿ ನೋಡುಗರಿಗೆ ಬರವಿಲ್ಲ ಎಂಬುದು ತಿಳಿಯುತ್ತದೆ. ಉತ್ಸವ ಮುಗಿದ ಮರುದಿನ ಆ ಚಿತ್ರಗಳು ಎಲ್ಲಿ ಹೋಗುತ್ತವೆ? ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಚಿತ್ರಮಂದಿರಗಳಿಗೆ ಅದು ಬಂದದ್ದು 2024ರಲ್ಲಿ. ದಕ್ಷಿಣ ಕೊರಿಯಾದ ಜನ ನೋಡಿ ಎರಡು ವರ್ಷವಾದ ಮೇಲೆ, ಯಲಬುರ್ಗಾ ಸೀಮೆಯ ಆ ಹೆಣ್ಣುಮಗಳ ಕಥೆಯನ್ನು ನಾವು ನೋಡಿದೆವು.

ಕಿರುಚಿತ್ರಗಳ ಪಾಡು ಇನ್ನೂ ಕಷ್ಟ. ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುವಾಗ ಕನ್ನಡದಲ್ಲಿ ತೆಗೆದ ಚಿತ್ರ 2024ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಕೋಳಿ ಕದ್ದು ಊರಿಗೆ ಬೆಳಗಾಗದಂತೆ ಮಾಡಿದ ಅಜ್ಜಿಯ ಜನಪದ ಕಥೆ. ನಾವೆಲ್ಲ ಮಡಿಲಲ್ಲಿ ಮಲಗಿ ಕೇಳಿದ ಕಥೆ. ಅವಧಿ ಸುಮಾರು 16 ನಿಮಿಷ. ಬೆಂಗಳೂರಿನ ಮನೆಯವರೆಲ್ಲ ಕೂಡಿ, ಟಿಕೆಟ್ ಕೊಂಡು, ಇಂಥ ಚಿತ್ರವನ್ನು ದೊಡ್ಡ ಪರದೆಯ ಮೇಲೆ ನೋಡೋಣ ಎಂದರೆ ಯಾವ ಮಾಲಿಗೆ ಹೋಗಬೇಕು? ಅಂಥ ನಾಲ್ಕೈದು ಕಿರುಚಿತ್ರಗಳನ್ನು ಒಂದು ಸಂಜೆ ಒಟ್ಟಿಗೆ ತೋರಿಸಿ, ಮಾಡಿದವರನ್ನು ಕೂರಿಸಿ ಮಾತಾಡಿಸಿದರೆ ತೊಂಬತ್ತು ಜನ ಬಂದೇ ಬರುತ್ತಾರೆ. ನಮ್ಮ ಪಂಚೆಯ ಪರದೆಗೇ ಬರುತ್ತಾರೆ!

ಗಾಂಧಿನಗರದಲ್ಲಿ ಕಪಾಲಿ ಚಿತ್ರಮಂದಿರ ಇಲ್ಲವಾಗಿದೆ, ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್ ಇಲ್ಲ, ಸದಾಶಿವನಗರದ ಕಾವೇರಿ ಐವತ್ತು ವರ್ಷ ನಡೆದು 2024ರಲ್ಲಿ ನಿಂತಿತು. ಸಾವಿರ ಜನರ ಚಿತ್ರಮಂದಿರಗಳು ಹೋದ ದುಃಖ ನನಗೂ ಇದೆ, ಅವು ಮರಳಿ ಬರಲಾರವು ಎಂಬುದೂ ಗೊತ್ತು. ಆದರೆ ಸಣ್ಣ ಚಿತ್ರಮಂದಿರವನ್ನು ನಮ್ಮ ಕಾನೂನು ಹೇಗೆ ಕಂಡಿದೆ ನೋಡಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಿನಿಮಾ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು; ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಆ ನಿಯಮದಲ್ಲಿ 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪರದೆಗಳ ಪ್ರಸ್ತಾಪ ಬಂದದ್ದು ಒಂದೇ ಕಡೆ: ಐಷಾರಾಮಿ ಸೌಲಭ್ಯವಿದ್ದರೆ ಅವುಗಳಿಗೆ ಮಿತಿ ಅನ್ವಯಿಸದು ಎಂಬ ವಿನಾಯಿತಿಯಲ್ಲಿ. ಅಂದರೆ ಸಣ್ಣ ಪರದೆ ಎಂದರೆ ಕಾಲು ಚಾಚಿ ಮಲಗುವ ಕುರ್ಚಿ ಎಂದಷ್ಟೇ ನಮ್ಮ ನಿಯಮಕ್ಕೆ ತಿಳಿದಿದೆ. ನೂರು ರೂಪಾಯಿಗೆ ಒಳ್ಳೆಯ ಚಿತ್ರ ತೋರಿಸುವ ಸಣ್ಣ ಪರದೆಯೂ ಇರಬಹುದೆಂಬ ಕಲ್ಪನೆ ಅದಕ್ಕೆ ಇಲ್ಲ. ತಿರುವನಂತಪುರದಲ್ಲಿ ಕೇರಳದ ಚಲನಚಿತ್ರ ಅಭಿವೃದ್ಧಿ ನಿಗಮವೇ ಕೈರಳಿ, ಶ್ರೀ, ನಿಳಾ ಎಂಬ ಚಿತ್ರಮಂದಿರಗಳನ್ನು ನಡೆಸುತ್ತಿದೆ. ನಮ್ಮ ಸರ್ಕಾರವೂ 2025–26ರ ಬಜೆಟ್ಟಿನಲ್ಲಿ ನಂದಿನಿ ಲೇಔಟಿನ ಚಲನಚಿತ್ರ ಅಕಾಡೆಮಿಯ ಎರಡೂವರೆ ಎಕರೆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್ ಕಟ್ಟುವ ಮಾತಾಡಿದೆ. ಅಕಾಡೆಮಿಯ ನೆಲದಲ್ಲಿ ಏಳುವ ಆ ಕಟ್ಟಡದಲ್ಲಿ ಒಂದು ಪರದೆ, ಒಂದೇ ಒಂದು ಪರದೆ, ವರ್ಷವಿಡೀ ಸ್ವತಂತ್ರ ಚಿತ್ರಗಳಿಗೆ ಮೀಸಲಿರಲಿ. ಗುತ್ತಿಗೆಯ ಕರಾರಿನಲ್ಲೇ ಅದು ಬರಲಿ. ಕಟ್ಟಡ ಎದ್ದ ಮೇಲೆ ಬೇಡುವುದು ವ್ಯರ್ಥ.

ನೆರೆಹೊರೆಯವರ ನಿದ್ದೆಯ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡವನಲ್ಲ. ಇಂದಿರಾನಗರದ ನಿವಾಸಿಗಳು ಮಧ್ಯರಾತ್ರಿಯ ಅಬ್ಬರದ ವಿರುದ್ಧ ಎತ್ತಿದ ದೂರು ನ್ಯಾಯವಾದದ್ದು. ಅಲ್ಲಿ ವಯಸ್ಸಾದವರಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹತ್ತರ ಮೇಲೆ ಧ್ವನಿವರ್ಧಕ ಕೂಡದು. ಒಂಬತ್ತು ವರ್ಷಗಳಲ್ಲಿ ನಾವು ಒಂದು ಸಲವೂ ಒಂಬತ್ತೂವರೆ ದಾಟಿಸಿಲ್ಲ. ಡ್ರಮ್ ಸೆಟ್ ತರಿಸುವುದಿಲ್ಲ, ಬದಲಿಗೆ ಕಹೋನ್ ಎಂಬ ಮರದ ಪೆಟ್ಟಿಗೆಯ ತಾಳವಾದ್ಯ ಅಥವಾ ಖಂಜಿರ. ಬಾಸ್ ಆಂಪಿನ ಕೆಳಗೆ ಹಳೆಯ ಟೈರಿನ ರಬ್ಬರ್, ಕಿಟಕಿಗೆ ಹತ್ತಿಯ ಹಾಸಿಗೆ, ಬಾಗಿಲ ಸಂದಿಗೆ ಗೋಣಿತಾಟು. ಕೆಳದನಿ ಗೋಡೆಯಲ್ಲಿ ಇಳಿದು ಪಕ್ಕದ ಮನೆಯ ಮಂಚವನ್ನು ನಡುಗಿಸುತ್ತದೆ ಎಂಬುದನ್ನು ಪಕ್ಕದ ಮನೆಯ ಅಮ್ಮನೇ ನನಗೆ ಕಲಿಸಿದ್ದು. ಅವರ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಸದ್ದು ಅಳೆದು, ಮಿಕ್ಸರಿನಲ್ಲಿ ಎಲ್ಲಿಗೆ ನಿಲ್ಲಿಸಬೇಕೆಂದು ಟೇಪು ಅಂಟಿಸಿದ್ದೇನೆ. ಆ ಗೆರೆ ಇಂದಿಗೂ ಅಲ್ಲೇ ಇದೆ. ಸದ್ದು ಹೊರಗೆ ಹೋಗದ ಹಾಗೆ ಕಟ್ಟಿದ ಒಂದು ಕೋಣೆ ನೀವು ಕೊಟ್ಟರೆ ಆ ಅಮ್ಮನಿಗೂ ನೆಮ್ಮದಿ, ನಮಗೂ ನೆಮ್ಮದಿ. ತಾರಸಿಯಿಂದ ಹಾಡನ್ನು ಕೆಳಗಿಳಿಸಿ ಎಂದು ಅವರೂ ನಾನೂ ಒಂದೇ ದನಿಯಲ್ಲಿ ಕೇಳುತ್ತೇವೆ.

ಹೊಸ ಕಟ್ಟಡವೇ ಬೇಕೆಂದಿಲ್ಲ. ಬಡಾವಣೆಗಳಲ್ಲಿ ಪಾಲಿಕೆಯ ಸಮುದಾಯ ಭವನಗಳಿವೆ. ಮದುವೆ, ನಾಮಕರಣದ ದಿನ ಬಿಟ್ಟರೆ ವಾರವಿಡೀ ಬೀಗ. ಅಂಥ ಐದನ್ನು ಆರಿಸಿ. ಹನುಮಂತನಗರದ ಕೆ.ಎಚ್. ಕಲಾಸೌಧ ಪಾಲಿಕೆಯದೇ ಕಟ್ಟಡ. ರಂಗತಂಡಗಳು ಅದಕ್ಕೆ ಜೀವ ತುಂಬಿದವು. ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ಮಾರ್ಗದ ಕೆಳಗೆ 2013ರಲ್ಲಿ ರಂಗೋಲಿ ಕಲಾಕೇಂದ್ರ ತೆರೆದಾಗ ಅಲ್ಲಿ ರಂಗಸ್ಥಳ ಎಂಬ ಸಣ್ಣ ಸಭಾಂಗಣವನ್ನೂ ಮಾಡಿದರು. ಮೆಟ್ರೊ ನಿಲ್ದಾಣದ ಜಾಗಕ್ಕಿಂತ ಸೂಕ್ತವಾದದ್ದು ಇನ್ನಾವುದು? ಹತ್ತಿರ ಮಲಗುವವರಿಲ್ಲ, ಒಂಬತ್ತೂವರೆಗೆ ಕಾರ್ಯಕ್ರಮ ಮುಗಿದರೆ ಕೇಳುಗರು ರೈಲು ಹಿಡಿದು ಮನೆ ಸೇರುತ್ತಾರೆ. ಹಳದಿ ಮಾರ್ಗ ಬಂದ ಮೇಲೆ ಬೊಮ್ಮಸಂದ್ರದ ಹುಡುಗರಿಗೂ ಅದು ದೂರವಲ್ಲ. ಮಲ್ಲತ್ತಹಳ್ಳಿಯ ಕಲಾಗ್ರಾಮ ಚೆನ್ನಾಗಿದೆ, ಆದರೆ ರಾತ್ರಿ ಅಲ್ಲಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಮರಳುವ ಹೆಣ್ಣುಮಗಳನ್ನು ನೆನಪಿನಲ್ಲಿಟ್ಟುಕೊಂಡು ಜಾಗ ಆರಿಸಿ.

ಬಾಡಿಗೆ ಎಷ್ಟಿರಬೇಕು? ನಮ್ಮ ಲೆಕ್ಕವನ್ನು ಹೇಳುತ್ತೇನೆ, ಲೆಕ್ಕ ಬರೆಯುವವನಾದ್ದರಿಂದ ಅದು ನನ್ನಲ್ಲಿದೆ. ತಲಾ 200 ರೂಪಾಯಿಯಂತೆ 80 ಟಿಕೆಟ್ ಹೋದರೆ 16 ಸಾವಿರ. ಅರ್ಧ ಹಾಡುವವರಿಗೆ. ಧ್ವನಿ ಸಾಮಗ್ರಿಯ ಬಾಡಿಗೆ 4 ಸಾವಿರ, ಆಟೊ, ಊಟ, ಚಹಾ ಸೇರಿ 2 ಸಾವಿರ. ಉಳಿಯುವುದು 2 ಸಾವಿರ. ಅದರಲ್ಲೇ ಜಾಗದ ಬಾಡಿಗೆ ಬರಬೇಕು. ಖಾಸಗಿ ಸಭಾಂಗಣಗಳಲ್ಲಿ ಅದರ ಹತ್ತು ಪಟ್ಟು ಕೇಳಿದ್ದೂ ಇದೆ. ಧ್ವನಿ ಸಾಮಗ್ರಿ ಸಭಾಂಗಣದಲ್ಲೇ ಇದ್ದರೆ ಆ 4 ಸಾವಿರವೂ ಕಲಾವಿದರ ಕೈಗೆ ಹೋಗುತ್ತದೆ. ಆದ್ದರಿಂದ ಒಂದು ಸಂಜೆಗೆ 2 ಸಾವಿರ, ಮುಂಗಡ ಆನ್‌ಲೈನ್‌ನಲ್ಲಿ, ಮೊದಲು ಕೇಳಿದವರಿಗೆ ಮೊದಲು. ಶಾಸಕರ ಪತ್ರ ಬೇಡ, ಸಂಘದ ನೋಂದಣಿ ಬೇಡ, ಆಧಾರ್ ಸಾಕು. ವರ್ಷಕ್ಕೆ ಮೂವತ್ತು ದಿನವಾದರೂ ಮೊದಲ ಸಲ ವೇದಿಕೆ ಏರುವವರಿಗೆ ಉಚಿತವಾಗಿರಲಿ. ಐದೂ ಸಭಾಂಗಣಗಳ ಮುಂದಿನ ತಿಂಗಳ ಕಾರ್ಯಕ್ರಮಗಳನ್ನು ಕನ್ನಡದಲ್ಲಿ ಮುದ್ರಿಸಿ ಮೆಟ್ರೊ ನಿಲ್ದಾಣಗಳಲ್ಲಿ, ಗ್ರಂಥಾಲಯಗಳಲ್ಲಿ ಅಂಟಿಸಿ. ವಿಳಾಸ ಸಮೇತ.

2025ರ ಫೆಬ್ರುವರಿಯಲ್ಲಿ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಎಡ್ ಶೀರನ್ ಹಾಡುತ್ತಿದ್ದಾಗ ಪೊಲೀಸರು ಬಂದು ಮೈಕಿನ ತಂತಿ ಕಿತ್ತ ದೃಶ್ಯವನ್ನು ಲೋಕವೆಲ್ಲ ನೋಡಿತು. ಅನುಮತಿ ಇರಲಿಲ್ಲ ಎಂದರು ಪೊಲೀಸರು. ಜಗತ್ತಿನ ಹೆಸರಾಂತ ಗಾಯಕನಿಗೆ ಅದರಿಂದ ಏನೂ ಆಗಲಿಲ್ಲ, ಅವರಿಗೆ ದೊಡ್ಡ ವೇದಿಕೆ ಇತ್ತು. ಅದೇ ಬೀದಿಯಲ್ಲಿ 2020ರ ಕೊನೆಯಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ಜನರಿಗೆ ನಡೆಯಲು ಬಿಟ್ಟಿದ್ದಿರಿ. ಆಗ ಅಲ್ಲಿ ಕೊಳಲು ನುಡಿಸುತ್ತ ನಿಲ್ಲುತ್ತಿದ್ದ ಹುಡುಗನೊಬ್ಬ ಈಗ ಮನೆಮನೆಗೆ ಊಟದ ಪೊಟ್ಟಣ ತಲುಪಿಸುತ್ತಾನೆ. ಕೊಳಲು ಅವನ ಚೀಲದಲ್ಲೇ ಇರುತ್ತದೆ, ಎರಡು ತಿಂಗಳಿಗೊಮ್ಮೆ ನಮ್ಮ ತಾರಸಿಯಲ್ಲಿ ಹೊರಬರುತ್ತದೆ.

ಪಾಲಿಕೆಗಳು ಹೊಸವು, ಕುರ್ಚಿ ಮೇಜುಗಳೂ ಇನ್ನೂ ಪೂರ್ತಿ ಜೋಡಣೆಯಾಗಿರಲಿಕ್ಕಿಲ್ಲ. ರಸ್ತೆ ಗುಂಡಿ, ಕಸ, ನೀರು ಎಂದು ನೂರು ಅರ್ಜಿಗಳ ನಡುವೆ ಇದೂ ಒಂದು ಎಂಬುದು ನನಗೆ ತಿಳಿದಿದೆ. ಆದರೂ ಮೊದಲ ಬಜೆಟ್ಟಿನಲ್ಲೇ ಒಂದು ಸಾಲು ಬರೆಯಿರಿ ಎಂದು ಕೇಳುತ್ತಿದ್ದೇನೆ, ಏಕೆಂದರೆ ಶುರುವಿನಲ್ಲಿ ಬರೆಯದ ಸಾಲು ಆಮೇಲೆ ಸೇರುವುದು ಕಷ್ಟ.

ಬರುವ ಶನಿವಾರದ ಕಾರ್ಯಕ್ರಮಕ್ಕೆ ನಿಮ್ಮಲ್ಲಿ ಯಾರಾದರೂ ಬನ್ನಿ. ಮುಂದಿನ ಸಾಲಿನಲ್ಲಿ ಐದು ಕುರ್ಚಿ ಬಿಟ್ಟಿರುತ್ತೇವೆ. ವಿಳಾಸವನ್ನು ಶುಕ್ರವಾರ ನಾನೇ ನಿಮ್ಮ ಕಚೇರಿಗೆ ಬಂದು ಕೈಯಾರೆ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ತಿಂಗಳಿಗೊಂದು ಸಂಜೆ ಹಾಡು, ಚಿತ್ರ ಏರ್ಪಡಿಸುವ ಬೆಂಗಳೂರಿನ ಒಬ್ಬ ನಿವಾಸಿ